ಹದಿನಾಲ್ಕನೇ ಸಾಲಿನ ಮನುಷ್ಯ

ಮಗ ಅಬುಧಾಬಿಯಲ್ಲಿ ಐಸ್ ಫ್ಯಾಕ್ಟರಿಯಲ್ಲಿದ್ದಾನೆ, ಮೀನಿನ ಬೋಟುಗಳಿಗೆ ಐಸ್ ಕೊಡುತ್ತಾನೆ ಎಂದು ಮೆಟಿಲ್ಡಾ ಬಾಯಿ ಒಂಬತ್ತು ವರ್ಷ ಇಗರ್ಜಿಯ ಅಂಗಳದಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದರು. ಮರುಭೂಮಿಯಲ್ಲಿ ಐಸಿಗೆ ಬೇರೆ ಉಪಯೋಗ ಇರಬಹುದೆಂದು ಅವರಿಗೆ ಹೊಳೆಯುವುದಾದರೂ ಹೇಗೆ? 2014ರ ಮಾರ್ಚಿನಲ್ಲಿ ವಿಸಿಟ್ ವೀಸಾದಲ್ಲಿ ಬಂದು, ಮಗನ ಜತೆ ಆ ದೊಡ್ಡ ಹಾಲಿನೊಳಗೆ ಕಾಲಿಟ್ಟಾಗಲೇ ಗೊತ್ತಾದದ್ದು, ಈ ಐಸ್ ಮೀನಿಗಲ್ಲ, ದೊಡ್ಡ ದೊಡ್ಡ ಗಂಡಸರು ಬೂಟಿಗೆ ಕತ್ತಿ ಕಟ್ಟಿಕೊಂಡು ಅದರ ಮೇಲೆ ಜಾರುತ್ತ ಕೋಲಿನಿಂದ ಕಪ್ಪು ಬಿಲ್ಲೆ ಹೊಡೆಯಲಿಕ್ಕೆ ಎಂದು.

"ಇದಕ್ಕೆ ಸಂಬಳ ಕೊಡ್ತಾರಾ?" ಎಂದು ಕೇಳಿದರು.

"ಐದು ಜನ ಫಾರಿನ್‌ನವರಿಗೆ ಕೊಡ್ತಾರೆ ಮಾಯ್. ಬಾಕಿಯವರು ಆಫೀಸಿನವರು, ಸಂಜೆ ಆಡ್ಲಿಕ್ಕೆ ಬರೋದು," ಎಂದ ಲೆಸ್ಲಿ. "ಮತ್ತೆ ಐಸ್ ನೋಡಿಕೊಳ್ಳುವ ನನಗೆ."

ಐಸ್ ನೋಡಿಕೊಳ್ಳುವುದು ತಮಾಷೆಯ ಕೆಲಸವಲ್ಲ. ಹೊರಗೆ ನಲವತ್ತು ಡಿಗ್ರಿ ಬಿಸಿಲಿರುವಾಗ ಒಳಗೆ ಒಂದೂವರೆ ಇಂಚು ದಪ್ಪದ ಮಂಜುಗಡ್ಡೆ ಕರಗದೆ ಉಳಿಯಬೇಕು. ಅದಕ್ಕಾಗಿ ಹಿಂದಿನ ಕೋಣೆಯಲ್ಲಿ ಕಂಪ್ರೆಸರುಗಳು ಒಂಬತ್ತು ವರ್ಷದಿಂದ ಒಂದೇ ಸಮನೆ ಗುಂಯ್‌ಗುಡುತ್ತಿದ್ದವು. ಆಟಗಾರರು ಗೀರಿ ಹಾಳು ಮಾಡಿದ ಐಸನ್ನು ಲೆಸ್ಲಿ ಟ್ರ್ಯಾಕ್ಟರಿನಷ್ಟು ದೊಡ್ಡ ಗಾಡಿಯಲ್ಲಿ ಕೂತು ಕೆರೆದು, ಮೇಲೆ ಬಿಸಿನೀರಿನ ತೆಳು ಪದರ ಬಿಟ್ಟು ಮತ್ತೆ ನುಣುಪು ಮಾಡುತ್ತಿದ್ದ. ತಾಯಿ ಹೆಣೆದ ಉಣ್ಣೆಯ ಟೊಪ್ಪಿ ಹಾಕಿಕೊಂಡು ಅಬುಧಾಬಿಯಲ್ಲಿ ಕೆಲಸ ಮಾಡುವ ಮಂಗಳೂರಿನವನು ಅವನೊಬ್ಬನೇ ಇದ್ದಿರಬೇಕು.

ಹಾಲಿನ ಬಾಡಿಗೆ ಕೊಡುತ್ತಿದ್ದದ್ದು ಹಾಕಿ ತಂಡ. ತಂಡಕ್ಕೆ ಹಣ ಬರುತ್ತಿದ್ದದ್ದು ಟಿಕೇಟಿನಿಂದ ಮತ್ತು ಒಂದು ಏಸಿ ಕಂಪನಿಯಿಂದ. ಲೆಸ್ಲಿಯ ವೀಸಾ ಹಾಲಿನ ಮಾಲೀಕನ ಕಡೆಯದ್ದು. ಹೆಂಡತಿ ಅಪೊಲೊನಿಯಾ ಆಸ್ಪತ್ರೆಯಲ್ಲಿ ನರ್ಸಿಂಗ್ ಸಹಾಯಕಿಯಾಗಿದ್ದರೂ ಅವಳ ಸಂಬಳಕ್ಕೆ ಸಂಸಾರದ ವೀಸಾ ಸಿಗುವಂತಿರಲಿಲ್ಲ. ಅವಳದೂ, ಆಗಷ್ಟೇ ಹನ್ನೆರಡನೇ ಕ್ಲಾಸಿಗೆ ಕಾಲಿಟ್ಟಿದ್ದ ಮಗಳು ಶಾರನ್‌ಳದೂ ಲೆಸ್ಲಿಯ ಪಾಸ್‌ಪೋರ್ಟಿಗೆ ಅಂಟಿಕೊಂಡ ಬದುಕು. ಲೆಸ್ಲಿಯ ಕೆಲಸ ಹೋದರೆ ಒಂದು ತಿಂಗಳೊಳಗೆ ಎಲ್ಲರೂ ಗಂಟು ಕಟ್ಟಬೇಕು.

ಏಪ್ರಿಲ್‌ನಲ್ಲಿ ಜ್ವರದ ಸುದ್ದಿ ಬಂತು. ಪೇಪರಿನವರು ಅದಕ್ಕೊಂದು ದೊಡ್ಡ ಹೆಸರು ಕೊಟ್ಟಿದ್ದರು. ಊರಿನವರ ಬಾಯಲ್ಲಿ ಅದು ಒಂಟೆ ಜ್ವರ. ಕೆಮ್ಮು, ಉಸಿರು ಕಟ್ಟುವುದು, ಆಮೇಲೆ ಪೆಟ್ಟಿಗೆ. ಆಂಬುಲೆನ್ಸಿನವರಿಗೂ ಬಂದಿದೆಯಂತೆ ಎಂದು ಕೇಳಿದ ದಿನದಿಂದ ಅಪೊಲೊನಿಯಾ ಡ್ಯೂಟಿ ಮುಗಿಸಿ ಬಂದು ಅಂಗಳದ ನಲ್ಲಿಯ ಹತ್ತಿರವೇ ಬಟ್ಟೆ ಬದಲಾಯಿಸಿ ಒಳಗೆ ಬರತೊಡಗಿದಳು. ಖಲೀಫಾ ಸಿಟಿಯಲ್ಲಿ ಆರು ಪಾಲು ಮಾಡಿ ಬಾಡಿಗೆಗೆ ಬಿಟ್ಟ ವಿಲ್ಲಾದ ಹಿಂಭಾಗದ ಎರಡು ಕೋಣೆ ಇವರದು. ಜತೆಗೆ ಗೇಟಿನ ಪಕ್ಕ ಹಿಂದೆ ಡ್ರೈವರ್ ಇದ್ದ ಒಂದು ಪುಟ್ಟ ರೂಮು, ಹಳೆ ಸೂಟ್‌ಕೇಸ್ ತುಂಬಲಿಕ್ಕೆ.

"ಸ್ಕೇಟಿಂಗ್ ಕ್ಲಾಸು ಖಲಾಸ್," ಎಂದ ಲೆಸ್ಲಿ ಒಂದು ಸಂಜೆ, ಬಂಗುಡೆ ಸಾರಿಗೆ ಅನ್ನ ಕಲಸುತ್ತ. "ಮಕ್ಕಳನ್ನು ಯಾರೂ ಕಳಿಸುದಿಲ್ಲ. ಬರ್ತ್‌ಡೇ ಪಾರ್ಟಿ ಎಲ್ಲ ಕ್ಯಾನ್ಸಲ್. ಮೊನ್ನೆ ಮ್ಯಾಚಿಗೆ ನಲವತ್ತು ಜನ ಇದ್ದದ್ದು."

"ನಲವತ್ತು ಜನ ಬಂದದ್ದೇ ಹೆಚ್ಚು," ಎಂದಳು ಅಪೊಲೊನಿಯಾ. "ತಂಪಿನಲ್ಲಿ ಬಾಗಿಲು ಹಾಕಿ ಕೂತ್ಕೊಂಡು ಒಬ್ಬರ ಉಸಿರು ಒಬ್ಬರು ತಗೊಳ್ಳೋದು. ನಾನಾದ್ರೆ ಬೀಗ ಹಾಕಿಸ್ತಿದ್ದೆ."

"ಬೀಗ ಹಾಕಿದ್ರೆ ನಿನ್ನ ಮಗಳ ಬೋರ್ಡ್ ಎಕ್ಸಾಮ್ ಎಲ್ಲಿ ಬರೆಸ್ತಿ? ಬಜಪೆ ಏರ್‌ಪೋರ್ಟಲ್ಲಾ?"

"Daddy, please," ಎಂದಳು ಶಾರನ್ ತಟ್ಟೆಯಿಂದ ತಲೆ ಎತ್ತದೆ. "I'm not going anywhere."

ಮೆಟಿಲ್ಡಾ ಬಾಯಿಗೆ ಇಂಗ್ಲಿಷು ಪೂರ್ತಿ ಅರ್ಥವಾಗಲಿಲ್ಲ, ದನಿ ಅರ್ಥವಾಯಿತು. "ಊಟದ ಎದುರು ಜಗಳ ಬೇಡ," ಎಂದು ಎಲ್ಲರ ತಟ್ಟೆಗೂ ಇನ್ನೊಂದು ತುಂಡು ಮೀನು ಹಾಕಿದರು.

ತಂಡದ ಮ್ಯಾನೇಜರ್ ಗೇಬ್ರಿಯಲ್ ಬೊಂಬಾಯಿಯಲ್ಲಿ ಹುಟ್ಟಿದ ಮಂಗಳೂರಿನವನು. ಎರಡೂ ಊರಿನ ಚಾಲಾಕಿತನ ಅವನಲ್ಲಿತ್ತು. ಅವನು ಮರುದಿನ ಲೆಸ್ಲಿಯನ್ನು ಕರೆದು ಸುತ್ತುಬಳಸದೆ ಹೇಳಿದ. ಕಡೆಯ ಎರಡು ಮ್ಯಾಚಿಗೆ ಅರ್ಧ ಹಾಲಾದರೂ ತುಂಬದಿದ್ದರೆ ಏಸಿ ಕಂಪನಿ ಈ ವರ್ಷದ ದುಡ್ಡು ಕೊಡುವುದಿಲ್ಲ. ದುಡ್ಡು ಬಾರದಿದ್ದರೆ ತಂಡ ಮುಚ್ಚುತ್ತದೆ, ಹಾಲಿನ ಮಾಲೀಕ ಐಸ್ ಕರಗಿಸಿ ಗೋದಾಮು ಮಾಡುತ್ತಾನೆ.

"ಜನ ಬರುದಿಲ್ಲ ಅಲ್ವಾ ಸರ್?"

"ಬರುದಿಲ್ಲ. ತರುವ. ಶುಕ್ರವಾರ ಲೇಬರ್ ಕ್ಯಾಂಪಿನವರಿಗೆ ರಜೆ. ದುಬೈಯ ಮುಹೈಸ್ನಾದಲ್ಲಿ ನನಗೊಬ್ಬ ಫೋರ್‌ಮನ್ ಗೊತ್ತುಂಟು. ಎಂಟು ಬಸ್ಸು, ನಾನೂರು ಜನ, ಒಬ್ಬೊಬ್ಬರಿಗೆ ಮೂವತ್ತು ದಿರ್ಹಂ, ಒಂದು ಬಿರಿಯಾನಿ ಪ್ಯಾಕೆಟ್. ನಿನ್ನ ಮನೆಯವರನ್ನೂ ಕರ್ಕೊಂಡು ಬಾ. ನಾಲ್ಕು ಹೆಂಗಸರ ಮುಖ ಕ್ಯಾಮೆರಾಕ್ಕೆ ಬೇಕು."

ಅಪೊಲೊನಿಯಾ ಕೇಳಿ ಉರಿದುಬಿದ್ದಳು, ಬರುವುದಿಲ್ಲ ಎಂದಳು. ಶಾರನ್ ಮತ್ತು ಮೆಟಿಲ್ಡಾ ಬಾಯಿ ಹೋದರು. ಶಾರನ್‌ಗೆ ಆ ಹಾಲು ಉಳಿಯಬೇಕಿತ್ತು. ಅಜ್ಜಿಗೆ ಮೊಮ್ಮಗಳನ್ನು ಒಬ್ಬಳೇ ಕಳಿಸಲು ಮನಸ್ಸಿರಲಿಲ್ಲ.

ಆ ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಬಸ್ಸುಗಳು ಬಂದವು. ಓಡಿಹೋಗದಿರಲೆಂದು ಫೋರ್‌ಮನ್ ಎಲ್ಲರ ಲೇಬರ್ ಕಾರ್ಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಸ್ಸಿನಲ್ಲೇ ಇಟ್ಟುಕೊಂಡಿದ್ದ. ಬಾಗಿಲಲ್ಲಿ ಪ್ರತಿಯೊಬ್ಬನಿಗೂ ತಂಡದ ಬಿಳಿ ಟೀಶರ್ಟು, ಒಂದು ಮಾಸ್ಕು. ಹೊರಗಿನ ಸುಡುಬಿಸಿಲಿನಿಂದ ತೆಳು ಬಟ್ಟೆಯಲ್ಲಿ ಬಂದವರು ಆ ಚಳಿಗೆ ಒಮ್ಮೆಲೇ ನಿಂತುಬಿಟ್ಟರು. ಹಿಂದಿನವರು ತಳ್ಳಿದ ಮೇಲೆ ಮೆಟ್ಟಿಲು ಹತ್ತಿ ಸಾಲುಸಾಲಾಗಿ ಕೂತರು. ನಾನೂರು ಬಿಳಿ ಅಂಗಿ, ನಾನೂರು ಮುಚ್ಚಿದ ಬಾಯಿ.

ಆಟ ಶುರುವಾಯಿತು. ಯಾರಿಗೂ ಆಟ ಗೊತ್ತಿರಲಿಲ್ಲ. ಬಿಲ್ಲೆ ಎಲ್ಲಿದೆ ಎಂದೂ ಕಾಣುತ್ತಿರಲಿಲ್ಲ. ಗೋಲು ಬಿದ್ದಾಗ ಹಾಲು ಮೌನವಾಗಿತ್ತು, ಒಂದು ಕ್ಷಣ ಕಳೆದು ಕೆಳಗಿನಿಂದ ಫೋರ್‌ಮನ್ "ತಾಲಿ! ತಾಲಿ!" ಎಂದು ಕೂಗಿದ ಮೇಲೆ ನಾನೂರು ಜನ ಒಟ್ಟಿಗೆ ಚಪ್ಪಾಳೆ ತಟ್ಟಿದರು, ಅವನು ಕೈ ಇಳಿಸಿದಾಗ ಒಟ್ಟಿಗೆ ನಿಲ್ಲಿಸಿದರು. ಆಮೇಲೆ ಕಂಪ್ರೆಸರಿನ ಗುಂಯ್ ಮಾತ್ರ. ಮಾಸ್ಕಿನ ಮೇಲಿನಿಂದ ಉಸಿರು ಹಬೆಯಾಗಿ ಏಳುತ್ತಿತ್ತು. ಆಟಗಾರರೇ ಹೆದರಿದ ಹಾಗೆ ಮೇಲಕ್ಕೆ ನೋಡುತ್ತಿದ್ದರು.

"ಇವರು ಯಾಕೆ ಮಾತಾಡುದಿಲ್ಲ?" ಮೆಟಿಲ್ಡಾ ಬಾಯಿ ಮೊಮ್ಮಗಳ ಕೈ ಹಿಡಿದುಕೊಂಡರು.

"ಮಾತಾಡ್ಲಿಕ್ಕೆ ಹೇಳ್ಲಿಲ್ಲ ಗ್ರ್ಯಾನಿ."

ಆ ಮೌನದಲ್ಲಿ ಮೇಲಿನ ಸಾಲಿನಿಂದ ಯಾರೋ ಕೆಮ್ಮಿದರು. ಗಟ್ಟಿಯಾದ, ಒಣ ಕೆಮ್ಮು, ಮೂರು ಸಲ. ಬಿಳಿ ಅಂಗಿಗಳ ನಡುವೆ ಯಾರೆಂದು ತಿಳಿಯಲಿಲ್ಲ. ಅಕ್ಕಪಕ್ಕದವರು ತಲೆ ತಿರುಗಿಸಲಿಲ್ಲ. ಗೇಬ್ರಿಯಲ್ ಮಾತ್ರ ಮೇಲಿನ ಗಾಜಿನ ಕೋಣೆಯಲ್ಲಿ ಖುಷಿಯಾಗಿದ್ದ. ಮುಂದಿನ ಮ್ಯಾಚಿಗೆ ಜನ ಕಡಿಮೆಯಾದರೆ ಇರಲಿ ಎಂದು ಹಾಲಿನ ಸದ್ದನ್ನೆಲ್ಲ ರೆಕಾರ್ಡ್ ಮಾಡಿಸಿಕೊಳ್ಳುತ್ತಿದ್ದ.

ಐದೂವರೆಗೆ ಮ್ಯಾಚು ಮುಗಿಯಿತು, ಬಸ್ಸುಗಳು ಹೊರಟವು. ಲೆಸ್ಲಿ ಗಾಡಿ ಹತ್ತಿ ಐಸ್ ಕೆರೆಯತೊಡಗಿದ. ಎರಡನೇ ಸುತ್ತಿನಲ್ಲಿ ಅಭ್ಯಾಸಬಲದಿಂದ ಮೇಲೆ ನೋಡಿದ. ಹದಿನಾಲ್ಕನೇ ಸಾಲಿನಲ್ಲಿ ಒಬ್ಬ ಮನುಷ್ಯ ಕೂತಿದ್ದ.

ಬಿಳಿ ಅಂಗಿ, ಮಾಸ್ಕು, ಮಡಿಲಲ್ಲಿ ಬಿಚ್ಚದ ಬಿರಿಯಾನಿ ಪ್ಯಾಕೆಟ್. ಲೆಸ್ಲಿ ಕೂಗಿದ, ಅಲುಗಲಿಲ್ಲ. ಕಣ್ಣು ಮಾತ್ರ ಅವನನ್ನೇ ನೋಡುತ್ತಿತ್ತು. ಗಾಡಿ ನಿಲ್ಲಿಸಿ, ಮೆಟ್ಟಿಲು ಹತ್ತಿ, ಎರಡು ಮಾರು ದೂರದಲ್ಲಿ ನಿಂತು ಹಿಂದಿಯಲ್ಲಿ ಕೇಳಿದ, ಇಂಗ್ಲಿಷಿನಲ್ಲಿ ಕೇಳಿದ.

"ಚಳಿ ಆಪುಂಡು," ಎಂದಿತು ಮಾಸ್ಕಿನೊಳಗಿನ ದನಿ.

ತುಳು! ಒಂಬತ್ತು ವರ್ಷದಲ್ಲಿ ಆ ಹಾಲಿನೊಳಗೆ ಲೆಸ್ಲಿ ತುಳು ಕೇಳಿರಲಿಲ್ಲ. ಕೈ ಹಿಡಿದ, ಆ ಚಳಿಯಲ್ಲೂ ಕಾವಲಿಯಷ್ಟು ಬಿಸಿ. ಹೆಸರು ಶೀನಪ್ಪ, ಊರು ಹೆಬ್ರಿಯ ಹತ್ತಿರ, ವಯಸ್ಸು ಐವತ್ತೆರಡು, ಕೆಲಸ ಕಬ್ಬಿಣ ಕಟ್ಟುವುದು. ಏಳಲು ಕಾಲಿನಲ್ಲಿ ಶಕ್ತಿಯಿಲ್ಲ.

ಗೇಬ್ರಿಯಲ್ ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ನಿಂತ. "ಆಸ್ಪತ್ರೆಗೆ ಮಾತ್ರ ಬೇಡ ಮಾರಾಯ. ಎಲ್ಲಿಂದ ಬಂದ ಕೇಳ್ತಾರೆ. ಇಲ್ಲಿಂದ ಅಂತ ಗೊತ್ತಾದ್ರೆ ನಾಳೆ ಸೀಲ್ ಹಾಕ್ತಾರೆ. ನಿನ್ನ ಕಾರಲ್ಲಿ ಕ್ಯಾಂಪಿಗೆ ಬಿಟ್ಟು ಬಾ. ಯಲ್ಲಾ, ಬೇಗ!"

ಶೀನಪ್ಪನ ಮೊಬೈಲಿನಿಂದ ಅವನ ರೂಮಿನ ಹರ್ಷಿತ್‌ಗೆ ಫೋನ್ ಮಾಡಿದಾಗ ವಿಷಯ ಗೊತ್ತಾಯಿತು. ಬಸ್ಸಿನಲ್ಲಿ ಹೆಸರು ಕರೆದಾಗ ಶೀನಪ್ಪ ಇರಲಿಲ್ಲ. ಕಕ್ಕಸಿಗೆ ಹೋಗಿರಬಹುದು, ಬೇರೆ ಬಸ್ಸು ಹತ್ತಿರಬಹುದು, ಸುಮ್ಮನೆ ಗೈರುಹಾಜರಿ ಬಿದ್ದು ಮೂರು ದಿನದ ಕೂಲಿ ಹೋಗುವುದು ಬೇಡ ಎಂದು ಹರ್ಷಿತನೇ ಅವನ ಹೆಸರಿಗೂ "ಹಾಜರ್" ಎಂದಿದ್ದ. ಕಾರ್ಡೂ ಅವನ ಕೈಗೇ ಬಂದಿತ್ತು. ಕ್ಯಾಂಪಿನ ಗೇಟಿನಲ್ಲಿ ಎರಡು ಕಾರ್ಡೂ ತೋರಿಸಿ ಆಗಿತ್ತು.

"ಈಗ ಕರ್ಕೊಂಡು ಬರ್ಬೇಡಿ ಅಣ್ಣ," ಎಂದ ಹರ್ಷಿತ್ ಅಳುದನಿಯಲ್ಲಿ. "ಅವ್ರು ಒಳಗೆ ಇದ್ದಾರೆ ಅಂತ ಬರ್ದು ಆಗಿದೆ. ಈಗ ಹೊರಗಿಂದ ಬಂದ್ರೆ ನಾನು ಸಿಕ್ಕಿ ಬೀಳ್ತೇನೆ. ಎರಡು ದಿನ ಇಟ್ಕೊಳ್ಳಿ. ಸೈಟಲ್ಲೂ ನಾನೇ ಹೇಳ್ತೇನೆ."

ಹೀಗೆ ಶೀನಪ್ಪ ದುಬೈಯ ಕ್ಯಾಂಪಿನಲ್ಲೂ ಇದ್ದ, ಲೆಸ್ಲಿಯ ಕಾರಿನ ಹಿಂದಿನ ಸೀಟಿನಲ್ಲೂ ಇದ್ದ. ಅಜ್ಜಿ ಮೊಮ್ಮಗಳು ಮುಂದಿನ ಸೀಟಿನಲ್ಲಿ ಒತ್ತಿಕೊಂಡು ಕೂತು ಖಲೀಫಾ ಸಿಟಿ ತಲುಪಿದರು.

ಮನೆಗೆ ಬಂದವರು ಯಾರೇ ಆಗಲಿ, ಮೊದಲು ಬೆಲ್ಲ ನೀರು. ಮೆಟಿಲ್ಡಾ ಬಾಯಿ ಗೇಟಿನ ಪಕ್ಕದ ರೂಮಿನಲ್ಲಿ ಸೂಟ್‌ಕೇಸು ಸರಿಸಿ ಚಾಪೆ ಹಾಕಿಸಿ, ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು ಇಟ್ಟರು. ಅಪೊಲೊನಿಯಾ ಡ್ಯೂಟಿಯಿಂದ ಬಂದು ನಲ್ಲಿಯ ಹತ್ತಿರ ನಿಂತಾಗ ಕೆಮ್ಮು ಕೇಳಿದಳು.

"ಯಾರದು?"

ಲೆಸ್ಲಿ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅವರ ಹದಿನೆಂಟು ವರ್ಷದ ಸಂಸಾರದಲ್ಲಿ ಎದ್ದಿರದಷ್ಟು ದೊಡ್ಡ ದನಿ ಎದ್ದಿತು.

"ನಾನು ಅಲ್ಲಿ ಗ್ಲೌಸ್ ಮೇಲೆ ಗ್ಲೌಸ್ ಹಾಕಿ ಸಾಯ್ತೇನೆ, ನೀವು ಇಲ್ಲಿ ಮನೆಗೆ ತಂದು ಮಲಗಿಸಿದ್ದೀರಾ? ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ!"

"ಹೋದ್ರೆ ಖಲಾಸ್. ಹಾಲು ಹೋಯ್ತು, ವೀಸಾ ಹೋಯ್ತು."

"ಸತ್ರೆ?"

"ಜ್ವರ ಅಷ್ಟೆ. ಚಳಿ ಹಿಡಿದದ್ದು. ಎರಡು ದಿನ ನೋಡುವ ಅಪ್ಪಿ. ಇನ್ನೊಂದು ಮ್ಯಾಚು ಮುಗೀಲಿ."

"ಮಮ್ಮಿ, ಎರಡೇ ದಿನ," ಎಂದಳು ಶಾರನ್. "Then we'll see."

ಅಪೊಲೊನಿಯಾ ಮಗಳನ್ನು ನೋಡಿದಳು. ಅಲ್ಲಿ ಅವಳು ಸೋತಳು. ಮಗಳ ಹನ್ನೆರಡನೇ ಕ್ಲಾಸು ಅವಳಿಗೇನು ಕಡಿಮೆಯದ್ದೇ? ಆದರೆ ನಿಯಮ ಮಾಡಿದಳು. ರೂಮಿನೊಳಗೆ ಮಾಸ್ಕಿಲ್ಲದೆ ಯಾರೂ ಹೋಗಬಾರದು, ತಟ್ಟೆ ಬಾಗಿಲಲ್ಲಿಡಬೇಕು, ಗಂಟೆಗೊಮ್ಮೆ ಒಂದು ನಿಮಿಷಕ್ಕೆ ಎಷ್ಟು ಉಸಿರು ಎಂದು ಬಾಗಿಲಿನಿಂದ ಎಣಿಸಬೇಕು. "ಮೂವತ್ತು ದಾಟಿದ್ರೆ ನಾನು ಯಾರ ಮಾತೂ ಕೇಳುದಿಲ್ಲ," ಎಂದಳು. ತಾನು ಡ್ಯೂಟಿಯಲ್ಲಿರುವಾಗ ಎಣಿಸುವ ಕೆಲಸವನ್ನು ಶಾರನ್‌ಗೆ ವಹಿಸಿದಳು.

ಶನಿವಾರ ಇಪ್ಪತ್ತನಾಲ್ಕು. ಭಾನುವಾರ ಇಪ್ಪತ್ತಾರು. ಶಾಲೆಗೆ ಹೊಟ್ಟೆನೋವಿನ ನೆವ ಹೇಳಿ ಶಾರನ್ ಮನೆಯಲ್ಲಿದ್ದಳು. ಕೆಮಿಸ್ಟ್ರಿ ಪುಸ್ತಕ ಹಿಡಿದು ರೂಮಿನ ಬಾಗಿಲಿಗೆದುರಾಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಬಿಳಿ ಟೀಶರ್ಟು ಏಳುವುದನ್ನೂ ಬೀಳುವುದನ್ನೂ ನೋಡುತ್ತಿದ್ದಳು. ಅಜ್ಜಿ ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ ಇಟ್ಟು ಬರುವರು. ತಟ್ಟೆ ಖಾಲಿಯಾಗಿ, ಚೊಂಬಿನ ನೀರಿನಲ್ಲಿ ತೊಳೆದು, ಕವುಚಿ ಹೊಸ್ತಿಲಲ್ಲಿ ಇರುತ್ತಿತ್ತು. ಎದ್ದು ನಿಲ್ಲಲಾರದ ಮನುಷ್ಯ ಯಾವಾಗ ತೊಳೆಯುತ್ತಾನೆ ಎಂದು ಯಾರೂ ನೋಡಲಿಲ್ಲ.

"ನೀವು ಸುಮ್ಮನೆ ಇಡಿ, ತೊಳಿಬೇಡಿ," ಎಂದಳು ಶಾರನ್ ಒಮ್ಮೆ.

"ಇನ್ನೊಬ್ಬರ ಮನೆ ಅಲ್ವಾ ಮಗಾ," ಎಂದ ಶೀನಪ್ಪ. ಆಮೇಲೆ ಕೇಳಿದ, "ಇವತ್ತು ನಾನು ಕೆಲಸಕ್ಕೆ ಹೋದೆನಂತಾ?"

ಶಾರನ್ ಹರ್ಷಿತ್‌ನ ಮೆಸೇಜು ನೋಡಿದಳು. "ಹೌದು. ಪ್ರೆಸೆಂಟ್."

"ಹಾಂ," ಎಂದು ಅವನು ಸಮಾಧಾನದಿಂದ ಕಣ್ಣು ಮುಚ್ಚಿದ. ಎದುರು ಮಲಗಿದವನು ನಲವತ್ತು ಅಂತಸ್ತಿನ ಕಟ್ಟಡದ ಮೇಲೆ ಕಬ್ಬಿಣ ಕಟ್ಟುತ್ತಿದ್ದಾನೆ, ಕಾಗದದಲ್ಲಿ ಹಾಗೆ ಬರೆದಿದೆ. ಇಲ್ಲಿ ಮಲಗಿದವನ ಹೆಸರು ಎಲ್ಲಿಯೂ ಇಲ್ಲ. ಇವನು ಇಲ್ಲೇ ಹೋಗಿಬಿಟ್ಟರೆ ಹುಡುಕಿಕೊಂಡು ಬರುವವರು ಯಾರೂ ಇಲ್ಲ. ಅಷ್ಟು ಭಯ ಅವಳಿಗೆ ಜೀವಮಾನದಲ್ಲೇ ಆಗಿರಲಿಲ್ಲ.

ಸಂಜೆಯ ಜಪಮಾಲೆಯ ಹೊತ್ತಿಗೆ ಮೆಟಿಲ್ಡಾ ಬಾಯಿ ಅಂಗಳದ ಬಾಗಿಲು ತೆರೆದಿಟ್ಟೇ ಪ್ರಾರ್ಥನೆ ಹೇಳುತ್ತಿದ್ದರು, ಆ ರೂಮಿಗೆ ಕೇಳಲಿ ಎಂದು. ವಿಲ್ಲಾದ ಮುಂಭಾಗದ ಖೈರುನ್ನಿಸ ಸೋಮವಾರ ಬೇಲಿಯಾಚೆಯಿಂದ ಕೇಳಿದಳು, "ಅಮ್ಮ, ನಿಮ್ಮಲ್ಲಿ ಯಾರಿಗೆ ಕೆಮ್ಮು?"

"ನನಗೇ ಮಗಳೇ," ಎಂದು ಮೆಟಿಲ್ಡಾ ಬಾಯಿ ಸುಳ್ಳು ಹೇಳಿ, ನಂಬಿಸಲಿಕ್ಕೆಂದು ಎರಡು ಸಲ ಕೆಮ್ಮಿದರು. ಒಳಗೆ ಬಂದು ಮಗನನ್ನು ತರಾಟೆಗೆ ತೆಗೆದುಕೊಂಡರು. "ಎಪ್ಪತ್ತಮೂರು ವರ್ಷಕ್ಕೆ ನನ್ನಿಂದ ಸುಳ್ಳು ಹೇಳಿಸಿದಿಯಲ್ಲ? ಯಾವ ಮುಖ ಇಟ್ಟುಕೊಂಡು ಪಾಪ ಹೇಳ್ಲಿಕ್ಕೆ ಕುಮ್ಸಾರಕ್ಕೆ ಹೋಗ್ಲಿ? ಪಾದ್ರಿಗೆ ಎಂತ ಹೇಳ್ಲಿ?"

"ಪಾದ್ರಿ ವೀಸಾ ಕೊಡ್ತಾರಾ ಮಾಯ್?"

"ಕೊಡುದಿಲ್ಲ. ನಿದ್ರೆ ಕೊಡ್ತಾರೆ. ನೀನು ಮೂರು ರಾತ್ರಿಯಿಂದ ಮಲಗಿಲ್ಲ."

ಅದು ನಿಜವಾಗಿತ್ತು. ಎರಡು ದಿನ ಎಂದದ್ದು ಆಗಲೇ ದಾಟಿತ್ತು, ಕಡೆಯ ಮ್ಯಾಚು ಇದ್ದದ್ದು ಬುಧವಾರ ಸಂಜೆ. ಕೆಲಸದ ದಿನವಾದ್ದರಿಂದ ಬಸ್ಸುಗಳಿಲ್ಲ. ಖಾಲಿ ಹಾಲಿಗೆ ರೆಕಾರ್ಡ್ ಮಾಡಿದ ಚಪ್ಪಾಳೆ ಹಾಕಿ, ಕ್ಯಾಮೆರಾವನ್ನು ಐಸಿನ ಕಡೆಗೇ ತಿರುಗಿಸಿ ಏಸಿ ಕಂಪನಿಗೆ ತೋರಿಸುವುದು ಗೇಬ್ರಿಯಲ್‌ನ ಲೆಕ್ಕ. ಒಂದು ಸಂಜೆ ದಾಟಿದರೆ ಸಾಕಿತ್ತು.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಶಾರನ್ ಎಣಿಸಿದಳು. ಮತ್ತೆ ಎಣಿಸಿದಳು. ಮೂರನೇ ಸಲ ಅಜ್ಜಿಯನ್ನು ಕರೆದು, ಗಡಿಯಾರ ಹಿಡಿಸಿ ಎಣಿಸಿದಳು. ಹೊಸ್ತಿಲಲ್ಲಿ ರಾತ್ರಿಯ ಗಂಜಿ ಮುಟ್ಟದೆ ಇತ್ತು. ತಂದೆ ಕೆಲಸಕ್ಕೆ ಹೊರಡಲು ಕಾರಿನ ಬಾಗಿಲು ತೆರೆದಿದ್ದ.

"ಡ್ಯಾಡಿ, ನಲವತ್ತೆರಡು."

"ಇನ್ನೊಮ್ಮೆ ನೋಡು."

"ಮೂರು ಸಲ ನೋಡಿದೆ."

"ಸಂಜೆವರೆಗೆ ಶಾರು. ಸಂಜೆ ಏಳು ಗಂಟೆಗೆ ಮ್ಯಾಚು ಮುಗೀತದೆ, ಆಮೇಲೆ ನಾನೇ..."

"ಅವರ ತುಟಿ ನೀಲಿ ಆಗಿದೆ!" ಎಂದು ಶಾರನ್ ಕಿರುಚಿದಳು. ಅವನು ಉತ್ತರ ಕೊಡುವ ಮೊದಲೇ ತಾಯಿಗೆ ಫೋನ್ ಮಾಡಿ ನಲವತ್ತೆರಡು ಎಂದಿದ್ದಳು.

ಶೀನಪ್ಪನನ್ನು ಹಿಂದಿನ ಸೀಟಿಗೆ ಹಾಕಿ, ಮಗಳನ್ನೂ ಕೂರಿಸಿಕೊಂಡು ಲೆಸ್ಲಿ ಅಪೊಲೊನಿಯಾಳ ಆಸ್ಪತ್ರೆಗೆ ಕಾರು ಓಡಿಸಿದ. ದಾರಿಯುದ್ದಕ್ಕೂ ಅವನ ತಲೆಯಲ್ಲಿ ಇದ್ದದ್ದು ಒಂದೇ ಯೋಚನೆ: ಎಮರ್ಜೆನ್ಸಿಯ ಬಾಗಿಲಲ್ಲಿ ವೀಲ್‌ಚೇರಿಗೆ ಕೂರಿಸಿ, ರಸ್ತೆಯಲ್ಲಿ ಸಿಕ್ಕಿದ ಎಂದು ಹೇಳಿ ಹಿಂದೆ ಬರುವುದು. ನಾಚಿಕೆಯಾಗುತ್ತಿತ್ತು, ಆದರೂ ಯೋಚನೆ ಬಿಡಲಿಲ್ಲ.

ಕೌಂಟರಿನಲ್ಲಿದ್ದವಳು ಮಾರ್ಟಿನಾ, ಉಡುಪಿ ಕಡೆಯ ಹುಡುಗಿ. ಅಪೊಲೊನಿಯಾ ಯೂನಿಫಾರ್ಮಿನಲ್ಲೇ ಓಡಿ ಬಂದು ಅವಳ ಪಕ್ಕ ನಿಂತಳು. ಒಳಗಿನಿಂದ ಸ್ಟ್ರೆಚರ್ ತರಲು ಒಬ್ಬ ಓಡಿದ್ದ.

"ಐಡಿ ಕಾರ್ಡ್?"

"ಇಲ್ಲ," ಎಂದ ಲೆಸ್ಲಿ. "ರಸ್ತೆಯಲ್ಲಿ..."

ಅಪೊಲೊನಿಯಾ ಗಂಡನನ್ನೇ ನೋಡಿದಳು.

"ಹೆಸರು ಗೊತ್ತುಂಟಾ?"

"ಶೀನಪ್ಪ," ಎಂದಳು ಶಾರನ್. ಅವನ ಪ್ಯಾಂಟಿನ ಜೇಬಿನಲ್ಲಿದ್ದ ಸೈಟಿನ ಚೀಟಿಯಲ್ಲಿ ಕಂಪನಿಯ ಹೆಸರು, ನಂಬರು ಇದ್ದವು. ಮಾರ್ಟಿನಾ ಫಾರಂ ತುಂಬುತ್ತಲೇ ಆ ನಂಬರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ಆಚೆ ಸುತ್ತಿಗೆಯ ಸದ್ದು, ಕ್ರೇನಿನ ಸದ್ದು. ಟೈಮ್‌ಕೀಪರ್ ಪುಸ್ತಕ ತಿರುಗಿಸಿದ್ದು ಕೇಳಿಸಿತು.

"ಶೀನಪ್ಪ? ವೋ ತೋ ಇಧರ್ ಹೈ. ಆಜ್ ಭೀ ಹಾಜರ್, ಕಲ್ ಭೀ ಹಾಜರ್. ಉಪರ್ ಕಾಮ್ ಕರ್ ರಹಾ ಹೈ."

ಮಾರ್ಟಿನಾ ಪೆನ್ನು ಕೆಳಗಿಟ್ಟಳು. "ಶೀನಪ್ಪ ಅಲ್ಲಿ ಕೆಲಸ ಮಾಡ್ತಾ ಇದ್ದಾರಂತೆ," ಎಂದಳು. "ಹಾಗಾದ್ರೆ ಇವರು ಯಾರು?"

ಲೆಸ್ಲಿಗೆ ದಾರಿ ಕಂಡಿತು. ತನಗೆ ಗೊತ್ತಿಲ್ಲ ಎಂದರೆ ಮುಗಿಯಿತು, ಈ ಮನುಷ್ಯ ಎಲ್ಲಿಂದಲೂ ಬಂದವನಲ್ಲ. ಹದಿನಾಲ್ಕನೇ ಸಾಲಿನಲ್ಲಿ ಯಾರೂ ಕೂತಿರಲಿಲ್ಲ. ಸಂಜೆ ಏಳಕ್ಕೆ ಮ್ಯಾಚು ಮುಗಿಯುತ್ತದೆ.

ಫೋನಿನಲ್ಲಿ ಟೈಮ್‌ಕೀಪರ್ ಖಾತ್ರಿ ಮಾಡಿಕೊಳ್ಳಲು ಹೆಸರನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿದ, "ಶೀ-ನಪ್ಪ!"

ವೀಲ್‌ಚೇರಿನಲ್ಲಿ ಕುಸಿದಿದ್ದ ತಲೆ ಎದ್ದಿತು. ಬಲಗೈ ಮೊಣಕೈವರೆಗೆ ಮೇಲೆ ಬಂತು. ಮಾಸ್ಕಿನೊಳಗಿನಿಂದ, ಉಸಿರಿನ ಎರಡು ಎಳೆತಗಳ ನಡುವೆ, ಅವನು ಹೇಳಿದ, "ಹಾಜರ್ ಸಾಬ್."

ಕೈ ತೊಡೆಯ ಮೇಲೆ ಬಿತ್ತು. ಇಷ್ಟು ದಿನ ಮನೆಯಲ್ಲಿಟ್ಟುಕೊಂಡು, ಈಗ ಇವನ ಎದುರಿಗೇ ಇವನಿಲ್ಲ ಎನ್ನಲು ಹೊರಟಿದ್ದೆನಲ್ಲ ಎಂದು ಲೆಸ್ಲಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತು.

"ಇವರೇ ಶೀನಪ್ಪ," ಎಂದ. "ಶುಕ್ರವಾರ ನಮ್ಮ ಐಸ್ ಹಾಲಿಗೆ ಜನ ತೋರಿಸ್ಲಿಕ್ಕೆ ಅಂತ ತಂದದ್ದು. ಅವತ್ತಿನಿಂದ ನನ್ನ ಮನೆಯಲ್ಲಿದ್ದಾರೆ. ಬರ್ಕೊಳ್ಳಿ. ನನ್ನ ಹೆಸರು ಲೆಸ್ಲಿ ಸಿಕ್ವೇರಾ."

ಆಮೇಲಿನದೆಲ್ಲ ಬೇಗಬೇಗ ನಡೆಯಿತು. ಸಂಜೆಯ ಮ್ಯಾಚು ನಡೆಯಲಿಲ್ಲ. ಹಾಲಿಗೆ ಸೀಲು ಬಿತ್ತು. ಲೆಸ್ಲಿಯ ಮನೆಯವರನ್ನೆಲ್ಲ ಮನೆಯಲ್ಲೇ ಇರಲು ಹೇಳಿದರು. ಈಗ ಇವರ ಹೊಸ್ತಿಲಿಗೆ ಖೈರುನ್ನಿಸ ತಟ್ಟೆ ಇಟ್ಟು ಹೋಗುತ್ತಿದ್ದಳು. ಮೆಟಿಲ್ಡಾ ಬಾಯಿ ಪ್ರತಿ ತಟ್ಟೆಯನ್ನೂ ತೊಳೆದು ಕವುಚಿ ಇಟ್ಟರು. "ಇನ್ನೊಬ್ಬರ ಪಾತ್ರೆ ಅಲ್ವಾ," ಎಂದರು.

ನಾಲ್ಕನೇ ದಿನ ಪರೀಕ್ಷೆಯ ಫಲ ಬಂತು. ಒಂಟೆ ಜ್ವರವಲ್ಲ, ನ್ಯುಮೋನಿಯಾ. ಇನ್ನೊಂದು ದಿನ ತಡವಾಗಿದ್ದರೆ ಅದಕ್ಕೂ ಇದಕ್ಕೂ ವ್ಯತ್ಯಾಸ ಇರುತ್ತಿರಲಿಲ್ಲ ಎಂದರು ಡಾಕ್ಟರು. ಆದರೆ ಅಷ್ಟರಲ್ಲಿ ಏಸಿ ಕಂಪನಿ ಕೈ ತೊಳೆದುಕೊಂಡಿತ್ತು. ಫಾರಿನ್ ಆಟಗಾರರು ವಿಮಾನ ಹತ್ತಿದರು. ಗೇಬ್ರಿಯಲ್ ಫೋನ್ ಎತ್ತುವುದನ್ನು ಬಿಟ್ಟ. ಹಾಲಿನ ಮಾಲೀಕ ಲೆಸ್ಲಿಗೆ ಕಳಿಸಿದ ಕಾಗದದಲ್ಲಿ ಎರಡೇ ವಿಷಯ: ಮೇ ಕೊನೆಗೆ ಕೆಲಸ ಮುಗಿಯುತ್ತದೆ, ಅದಕ್ಕೂ ಮೊದಲು ಐಸ್ ಕರಗಿಸಿ ಕೊಡಬೇಕು.

ಶಾರನ್ ಎರಡು ದಿನ ಊಟ ಬಿಟ್ಟಳು. ಮೂರನೇ ದಿನ ಅಡುಗೆಮನೆಯಲ್ಲಿ ಸೂಟ್‌ಕೇಸಿಗೆ ಮಸಾಲೆ ಡಬ್ಬಿ ತುಂಬುತ್ತಿದ್ದ ತಾಯಿಯ ಎದುರು ನಿಂತು ಅತ್ತಳು.

"ನಾನು ಇಪ್ಪತ್ತೆಂಟು ಅಂತ ಹೇಳಿದ್ರೆ ಸಾಕಿತ್ತು ಮಮ್ಮಿ. Nobody would know. ಒಂದು ಸಂಜೆ ಅಷ್ಟೆ. ಈಗ ನನ್ನ ಕ್ಲಾಸ್ ಇಲ್ಲ, ಫ್ರೆಂಡ್ಸ್ ಇಲ್ಲ. ಅಲ್ಲಿ ಹೋಗಿ ವರ್ಷ ವೇಸ್ಟ್."

"ಹೌದು. ಹೇಳಬಹುದಿತ್ತು."

"ಆದ್ರೆ ನಲವತ್ತೆರಡೇ ಇತ್ತು."

"ಗೊತ್ತು ಮಗಾ," ಎಂದು ಅಪೊಲೊನಿಯಾ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡಳು. ಅವಳೂ ಅತ್ತಳು. ಮೆಟಿಲ್ಡಾ ಬಾಯಿ ಕೆಳಗೆ ಬಿದ್ದ ಜೀರಿಗೆಯನ್ನು ಒಂದೊಂದಾಗಿ ಹೆಕ್ಕುತ್ತ ಕೂತರು.

ಐಸ್ ಕರಗಿಸುವ ದಿನ ಶಾರನ್ ತಂದೆಯ ಜತೆ ಬಂದಳು. ಲೆಸ್ಲಿ ಕಂಪ್ರೆಸರುಗಳನ್ನು ಒಂದೊಂದಾಗಿ ನಿಲ್ಲಿಸಿದ. ಒಂಬತ್ತು ವರ್ಷದಿಂದ ಕಿವಿಯಲ್ಲಿದ್ದ ಗುಂಯ್ ಸದ್ದು ನಿಂತಾಗ ಅವನಿಗೆ ಒಮ್ಮೆ ತಾನೇ ಕಿವುಡನಾದೆನೋ ಎನಿಸಿತು. ದೊಡ್ಡ ಬಾಗಿಲು ತೆರೆದು ಹೊರಗಿನ ಬಿಸಿಗಾಳಿ ಒಳಗೆ ಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಐಸಿನ ಮೇಲೆ ನೀರು ನಿಂತು, ಅಡಿಯಲ್ಲಿ ಆಟಕ್ಕೆಂದು ಬಳಿದಿದ್ದ ಕೆಂಪು ನೀಲಿ ಗೆರೆಗಳು ಬಿಟ್ಟುಕೊಂಡು ನೀರಿನಲ್ಲಿ ಎಳೆಎಳೆಯಾಗಿ ತೇಲತೊಡಗಿದವು. ಹಾಲಿನ ತುಂಬ ಮೊಣಕಾಲೆತ್ತರದ ಹಬೆ. ಶಾರನ್ ಮೊದಲ ಸಾಲಿನಲ್ಲಿ ಕಾಲು ಮಡಚಿ ಕೂತಿದ್ದಳು.

ಕೊನೆಗೆ ಗಾಜಿನ ಕೋಣೆಯ ಕರೆಂಟು ತೆಗೆಯಲು ಲೆಸ್ಲಿ ಮೇಲೆ ಹೋದ. ಗೇಬ್ರಿಯಲ್ ಬುಧವಾರಕ್ಕೆ ಸಿದ್ಧಮಾಡಿಟ್ಟ ಯಂತ್ರ ಹಾಗೇ ಇತ್ತು. ಯಾವ ಗುಂಡಿ ಯಾವುದಕ್ಕೆಂದು ತಿಳಿಯದೆ ಅವನು ಒಂದನ್ನು ಒತ್ತಿದ.

ಖಾಲಿ ಹಾಲಿನಲ್ಲಿ ನಾನೂರು ಜನ ಒಟ್ಟಿಗೆ ಚಪ್ಪಾಳೆ ತಟ್ಟಿದರು.

ಶಾರನ್ ಚೀರಿ ಎದ್ದು ನಿಂತಳು. ಚಪ್ಪಾಳೆ ಒಟ್ಟಿಗೆ ನಿಂತಿತು. ಸ್ಪೀಕರುಗಳಿಂದ ಆವತ್ತಿನ ಮೌನ ಬಂತು. ಅದರೊಳಗೆ, ಈಗ ಎಲ್ಲಿಯೂ ಇಲ್ಲದ ಕಂಪ್ರೆಸರಿನ ಗುಂಯ್. ಆಮೇಲೆ ಹಬೆಯ ಮೇಲಿನಿಂದ ಆ ಕೆಮ್ಮು. ಗಟ್ಟಿಯಾಗಿ, ಒಣಗಿ, ಮೂರು ಸಲ.

ಇಬ್ಬರೂ ಹದಿನಾಲ್ಕನೇ ಸಾಲಿನ ಕಡೆ ನೋಡಿದರು. ಅಲ್ಲಿ ಕುರ್ಚಿಗಳಿದ್ದವು, ಅಷ್ಟೆ. ಲೆಸ್ಲಿ ವಯರನ್ನೇ ಕಿತ್ತ. ಶೀನಪ್ಪ ಆಸ್ಪತ್ರೆ ಬಿಟ್ಟು ಕ್ಯಾಂಪಿಗೆ ಹೋಗಿ ವಾರವಾಗಿತ್ತು, ಅದು ಅವನಿಗೆ ಗೊತ್ತಿತ್ತು; ಆದರೂ ಜೇಬಿನಿಂದ ಮೊಬೈಲು ತೆಗೆದು ನಂಬರು ಒತ್ತಿದ. ಆಚೆ ಐದು ಸಲ ರಿಂಗಾಯಿತು. ಶಾರನ್ ಮೆಟ್ಟಿಲು ಹತ್ತಿ ಬಂದು ಅವನ ತೋಳು ಹಿಡಿದಳು.

"ಶೀನಪ್ಪಣ್ಣ," ಎಂದ ಲೆಸ್ಲಿ. "ಉಲ್ಲರಾ?"

ಸುತ್ತಿಗೆಯ ಸದ್ದು, ಗಾಳಿಯ ಸದ್ದು. ತುಂಬ ಎತ್ತರದಿಂದ ಎಂಬಂತೆ ದನಿ ಬಂತು.

"ಉಲ್ಲೆ ಮಾರಾಯ್ರೆ. ಮೂಳೇ ಉಲ್ಲೆ."

ಇದ್ದೀರಾ ಎಂದು ಕೇಳಿದ್ದಕ್ಕೆ, ಇದ್ದೇನೆ, ಇಲ್ಲೇ ಇದ್ದೇನೆ. ಅಷ್ಟು ಕೇಳಿಯೇ ಲೆಸ್ಲಿ ಮೆಟ್ಟಿಲ ಮೇಲೆ ಕೂತುಬಿಟ್ಟ. ಮಗಳು ಅವನ ಪಕ್ಕ ಕೂತಳು. ಕೆಳಗೆ ಐಸ್ ಕರಗಿ ಚರಂಡಿಗೆ ಹರಿಯುತ್ತಿತ್ತು.